ಅಳಿಸಿದ್ದರ ಲೆಕ್ಕ

ಜುಬೈಲಿನಲ್ಲಿ ರಾತ್ರಿ ಪೂರ್ತಿ ಕತ್ತಲಾಗುವುದಿಲ್ಲ.
ಚಿಮಣಿ ತುದಿಯ ಬೆಂಕಿಯನ್ನು ಆರಿಸುವ ಹಾಗಿಲ್ಲ,
ಒಳಗಿನ ಒತ್ತಡ ಎಲ್ಲಿಗಾದರೂ ಹೋಗಬೇಕಲ್ಲ.

ನಾನು ಸಿಪ್ರಿಯಾನ್. ವಾಲ್ವು, ಗ್ಯಾಸ್ಕೆಟ್ಟು, ಬೋಲ್ಟು
ಒಳಬಂದದ್ದು ಹೊರಹೋದದ್ದು ಬರೆಯುವವನು.
ಡ್ಯೂಟಿ ಮುಗಿದ ಮೇಲೆ ಇನ್ನೊಂದು ಉಗ್ರಾಣ, ಸಂಬಳವಿಲ್ಲ:
ಒಂಬೈನೂರ ಹನ್ನೆರಡು ಜನರ ವಾಟ್ಸಾಪ್ ಗುಂಪು.
ಶುರುವಾದದ್ದು ಒಂದು ಶವಪೆಟ್ಟಿಗೆಗಾಗಿ.
ದೂಮಪ್ಪ ಸ್ಕ್ಯಾಫೋಲ್ಡಿನಿಂದ ಬಿದ್ದಾಗ
ಹದಿನೇಳು ದಿನ ಕಾಗದ ಹಿಡಿದು ಓಡಿದ
ಆರು ಮಂದಿ ಬೆಳೆದು ಇಷ್ಟಾದೆವು.

ಮೊದಮೊದಲು ನಿಯಮವೇ ಇರಲಿಲ್ಲ.
ಯಾರಿಗೋ ದಮ್ಮಾಮಿಗೆ ಕಾರಿನಲ್ಲಿ ಸೀಟು ಬೇಕು,
ಯಾರದೋ ಇಕಾಮ ಕಳೆದಿದೆ,
ಬಂಗುಡೆ ಬಂದಿದೆ ಅಂತ ಇಸುಬುವಿನ ಬಕಾಲದಿಂದ ಫೋಟೊ.
ಆಮೇಲೆ ಒಬ್ಬ ಇನ್ನೊಬ್ಬನ ದೇವರನ್ನು ಬೈದ.
ಅಳಿಸಿದೆ. ಕೈ ನಡುಗಲಿಲ್ಲ.
ನರ್ಸ್ ಹುಡುಗಿಯ ಚಿತ್ರದ ಕೆಳಗೆ ಹೊಲಸು ಬರೆದವನನ್ನು
ಹೊರಹಾಕಿದೆ. ಅವತ್ತು ಒಳ್ಳೆಯ ನಿದ್ದೆ.
ಊರಿನ ಚುನಾವಣೆ ಬಂದಾಗ ಕಸಬರಿಕೆ ಹಿಡಿದು ಕೂತೆ
ತಟ್ಟೆಯ ಖುಬ್ಬೂಸು ಕಟ್ಟಿಗೆಯಾಗುವ ತನಕ.
ಅಂಗಳ ಗುಡಿಸುವವನನ್ನು ಯಾರು ಪ್ರಶ್ನಿಸುತ್ತಾರೆ?

ಮಾರ್ಚಿನಲ್ಲಿ ಒಂದು ರಾತ್ರಿ ಎರಡೂಕಾಲಿಗೆ
ಭಾಲ್ಕಿಯ ಮೌಲಾಲಿ ಬರೆದ:
"ನಾಕ್ ತಿಂಗಳಾಯ್ತ್ರಿ ಪಗಾರಿಲ್ಲ.
ಎಪ್ಪತ್ತಾರ್ ಮಂದಿ ಇದ್ದೇವ್. ನೀರಿನ ಟ್ಯಾಂಕರ್ ಭೀ ಬಂದ್ ಆಗ್ಯದ.
ಯಾರ್ ಮುಂದ ಹೇಳ್ಬೇಕ್ರಿ?"
ಕೆಳಗೆ ಕಂಪೆನಿಯ ಹೆಸರು. ಕಫೀಲನ ಹೆಸರು.
ಕ್ಯಾಂಪಿನ ಗೇಟು.

ಗುಂಪಿನ ನಂಬರು ನನ್ನದು. ಸಿಮ್ಮಿಗೆ ಕೊಟ್ಟ ಬೆರಳಚ್ಚೂ ನನ್ನದೇ.
ಒಂಬೈನೂರ ಹನ್ನೆರಡರಲ್ಲಿ
ಯಾವನು ಕಂಪೆನಿಯ ಕಿವಿಯೋ ಗೊತ್ತಿಲ್ಲ.
ಒತ್ತಿ ಹಿಡಿದೆ. ಅದೇ ಬೆರಳು.
ಹೊಲಸನ್ನು ಅಳಿಸಿದ ಅದೇ ಜಾಗ.
ಉಳಿದ ಬೂದು ಗೆರೆಯೂ ಅದೇ:
ಈ ಸಂದೇಶವನ್ನು ಅಡ್ಮಿನ್ ಅಳಿಸಿದ್ದಾರೆ.
ಹೊಲಸಿಗೂ ಹಸಿವಿಗೂ ಒಂದೇ ಗೋರಿಕಲ್ಲು.

ಅವನು ಬೇರೆಯಾಗಿ ಕೇಳಿದ: "ತಪ್ಪು ಬರ್ದೆನಾ?"
ಇಲ್ಲ ಅಂದೆ. ಇದು ಸುಖದುಃಖ ಹಂಚಿಕೊಳ್ಳುವ ಜಾಗ ಅಂದೆ.
ಆ ಪದದ ಎರಡನೆಯ ಅರ್ಧ
ಗಂಟಲಲ್ಲಿ ಮೀನಿನ ಮುಳ್ಳು.
"ಆಯ್ತ್ರಿ ಅಣ್ಣಾ" ಅಂದ. ಗುಂಪು ಬಿಟ್ಟ.
ಬೈದಿದ್ದರೆ ಒಳ್ಳೆಯದಿತ್ತು.

ಇಸುಬು ಗಲ್ಲಾದ ಹಿಂದಿನಿಂದ ಹೇಳುತ್ತಾನೆ:
"ಅಂಗಡಿ ನನ್ನದು, ಯಾರು ಕೂರಬೇಕು ಅಂತ ನಾನು ಹೇಳುತ್ತೇನೆ.
ಕೂಗಾಡುವವರಿಗೆ ಬೀದಿ ಇದೆಯಲ್ಲ."
ಸರಿ ಮಾರಾಯ. ಆದರೆ ಇಲ್ಲಿ ಬೀದಿ ಎಲ್ಲಿ ತೋರಿಸು.
ಗೇಟಿನಿಂದ ಬಸ್ಸಿಗೆ, ಬಸ್ಸಿನಿಂದ ಗೇಟಿಗೆ ಹೋಗುವವನಿಗೆ
ನಿನ್ನ ಅಂಗಡಿಯ ಮೆಟ್ಟಿಲೇ ಬೀದಿ.
ಇಸುಬು ಖರ್ಜೂರದ ಡಬ್ಬಿಯ ಧೂಳು ಒರೆಸಿದ,
ಧೂಳಿರಲಿಲ್ಲ.

ಉಗ್ರಾಣದವನ ಚಟ, ಹೊರಹೋದದ್ದನ್ನು ಬರೆದಿಡುವುದು.
ಹಳೆಯ ಡೆಲಿವರಿ ಪುಸ್ತಕದ ಹಾಳೆಗಳ ಬೆನ್ನಿಗೆ
ಪೆನ್ಸಿಲಿನಲ್ಲಿ: ತಾರೀಕು, ಹೆಸರು, ಮಾತು, ಕಾರಣ.
ದೇವರು. ಹೆಣ್ಣು. ಚುನಾವಣೆ. ಬಡ್ಡಿ ಸಾಲದ ಜಾಹೀರಾತು.
ಮೌಲಾಲಿಯ ಸಾಲಿಗೆ 'ನಿಯಮ' ಅಂತ ಬರೆದಿದ್ದೆ.
ರಬ್ಬರಿನಿಂದ ತಿಕ್ಕಿ ತಿಕ್ಕಿ
ಕಾಗದ ತೆಳುವಾಗಿ, ಆ ಕಡೆಯ
ನಲವತ್ತು ವಾಲ್ವುಗಳ ಲೆಕ್ಕ ಈಚೆ ಕಾಣುತ್ತದೆ.
ಈಗ ಅಲ್ಲಿ ಬರೆದದ್ದು: ನಾನು.

ನಿನ್ನೆ ಫೋನ್ ಮಾಡಿದೆ.
ಮತ್ತೆ ಸೇರಿಸುತ್ತೇನೆ, ಬರೆಯಿರಿ,
ಕಂಪೆನಿಯ ಹೆಸರೊಂದು ಬೇಡ ಅಂದೆ.
ಆ ಕಡೆ ಯಾರೋ ಬಕೆಟ್ಟು ಎಳೆಯುತ್ತಿದ್ದರು, ಖಾಲಿ ಬಕೆಟ್ಟು.
"ಹೆಸರು ತೆಗದ್ರ ಉಳಿಯೋದ್ ಏನದರಿ ಅಣ್ಣಾ?
ಹೊಟ್ಟಿ ಹಸಿತದ ಅಂಬೋದು
ಎಲ್ಲರಿಗೂ ಗೊತ್ತೇ ಅದಲ್ಲ."